ಬಡಿತ ಕೇಳುವ ಕಿವಿ

ರಾಣೆಬೆನ್ನೂರಿನ ಹೆದ್ದಾರಿ ಬದಿಯ ಆ ಗ್ಯಾರೇಜಿನಲ್ಲಿ ಬಿಲ್ ಪುಸ್ತಕದ ಮೇಲೆ ಸದಾ ಒಂದು ಹಳೆಯ ಪಿಸ್ಟನ್ ಕೂತಿರುತ್ತದೆ. ಅದರ ಅಂಚು ಇಲಿ ಕಡಿದ ರೊಟ್ಟಿಯಂತಿದೆ. ಕಾಗದ ಹಾರದಿರಲೆಂದು ಇಟ್ಟಿದ್ದಾರೆ ಎಂದು ಗಿರಾಕಿಗಳು ತಿಳಿದಿದ್ದಾರೆ. ಮೇಸ್ತ್ರಿಯ ಮಗನೂ ಕಳೆದ ಬೇಸಿಗೆಯವರೆಗೆ ಹಾಗೆಯೇ ತಿಳಿದಿದ್ದ.

ಮಗ ಆಟೊಮೊಬೈಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗ ತನ್ನ ಟರ್ಬೊ ಪೆಟ್ರೋಲ್ ಕಾರನ್ನು ತಂದು, "ಇದು ಇನ್ನೂ ಜೋರ್ ಓಡಬೇಕು ನೋಡ್ರಿ" ಎಂದಾಗ ಹುಡುಗನಿಗೆ ಹಬ್ಬವೇ ಆಯಿತು. ಲ್ಯಾಪ್‌ಟಾಪ್ ಜೋಡಿಸಿ ಟರ್ಬೊದ ಒತ್ತಡ ಏರಿಸಿದ. ಪ್ಲಗ್ಗಿನ ಕಿಡಿ ತುಸು ಮೊದಲೇ ಹಾರುವಂತೆಯೂ ಮಾಡಿದ.

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಉಪಾಯಗಳು ಮುಖ್ಯವಾಗಿ ಎರಡು. ಸೂಪರ್‌ಚಾರ್ಜರ್ ಎಂಜಿನ್ನಿನದೇ ಬೆಲ್ಟಿನಿಂದ ತಿರುಗುತ್ತದೆ. ಟರ್ಬೊ ಹೊರಹೋಗುವ ಹೊಗೆಯ ರಭಸದಿಂದ ತಿರುಗುತ್ತದೆ. ಎರಡರ ಫಲವೂ ಒಂದೇ. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಬಲ ಬರುತ್ತದೆ. ಆದರೆ ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿದ ಹುಡುಗರಿಗೆಲ್ಲ ಇದು ಗೊತ್ತು.

ಮೂವರೂ ಕಾರು ಹತ್ತಿ ಹಾವೇರಿ ಕಡೆ ಹೊರಟರು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕೂತ. ಕಾರು ಚಿಮ್ಮಿ ಓಡಿತು. ಸಾಹುಕಾರರ ಮಗನ ಮುಖ ಅರಳಿತು. ಮೋಟೆಬೆನ್ನೂರು ದಾಟಿದ ಮೇಲೆ ಮೇಸ್ತ್ರಿ ಹಾಡು, ಏಸಿ ಎರಡನ್ನೂ ಬಂದ್ ಮಾಡಿಸಿದ. "ನಾಕನೇ ಗೇರಿನ್ಯಾಗ ಸಾವಕಾಶ ಹೋಗಿ, ಈಗ ಒತ್ತು," ಎಂದ.

ಬಾನೆಟ್ಟಿನೊಳಗಿಂದ ಸಣ್ಣ ಸದ್ದು ಬಂತು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ.

"ಕೇಳಿಸ್ತೇನೋ ತಮ್ಮಾ?"

"ಏನೂ ಇಲ್ಲಪ್ಪಾ. ಲೈಟೂ ಹತ್ತಿಲ್ಲ."

"ಲೈಟ್ ಹತ್ತೂದ್ರೊಳಗ ಎಂಜಿನ್ ಹೋಗಿರ್ತೈತಿ."

ಗ್ಯಾರೇಜಿನವರು ನಾಕಿಂಗ್ ಎನ್ನುವುದು ಇದನ್ನೇ. ಸರಿಯಾಗಿ ನಡೆಯುವ ಎಂಜಿನ್ನಿನಲ್ಲಿ ಪ್ಲಗ್ಗಿನ ಬಳಿ ಹೊತ್ತಿದ ಬೆಂಕಿ, ಬಣವೆಗೆ ಒಂದು ತುದಿಯಿಂದ ಹತ್ತಿದ ಉರಿಯಂತೆ, ಸಾಲಾಗಿ ಇನ್ನೊಂದು ತುದಿಗೆ ಹರಡುತ್ತದೆ. ಬಿಸಿ ಮತ್ತು ಒತ್ತಡ ಮಿತಿ ಮೀರಿದರೆ, ಆ ಉರಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗೆ ಬಡಿದು ಲೋಹವನ್ನೇ ಗಂಟೆಯಂತೆ ನುಡಿಸುತ್ತವೆ. ಪಿಸ್ಟನ್ನಿಗೆ ರಕ್ಷಣೆಯಾಗಿ ಅಂಟಿಕೊಂಡಿರುವ ಅನಿಲದ ತೆಳುವಾದ ಪದರ ಚದುರುತ್ತದೆ. ಆಗ ನೇರ ಶಾಖಕ್ಕೆ ಸಿಕ್ಕಿ ಅಲ್ಯೂಮಿನಿಯಂ ಕರಗುತ್ತದೆ.

ಈ ಬಡಿತವನ್ನು ಕೇಳಲೆಂದೇ ಇಂದಿನ ಕಾರುಗಳ ಎಂಜಿನ್ ಮೈಗೆ ಒಂದು ಸೆನ್ಸರ್ ಬಿಗಿದಿರುತ್ತದೆ. ಅದರೊಳಗಿರುವುದು ಅದುಮಿದರೆ ವಿದ್ಯುತ್ ಹುಟ್ಟಿಸುವ ಹರಳು. ಈ ಗುಣವನ್ನು 1880ರಲ್ಲಿ ಕಂಡುಹಿಡಿದವರು ಪಿಯರಿ ಕ್ಯೂರಿ ಮತ್ತು ಅವರ ಅಣ್ಣ ಜಾಕ್. ಅಡಿಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ಕೆಂದು ಕಿಡಿ ಹಾರಿಸುವುದೂ ಇಂಥದೇ ಹರಳು. ಸಾಮಾನ್ಯ ಕಾರಿನ ನಾಕಿಂಗ್ ಸೆಕೆಂಡಿಗೆ ಸುಮಾರು 6ರಿಂದ 7 ಸಾವಿರ ಬಾರಿ ಕಂಪಿಸುವ ಸದ್ದು. ಕಿಡಿ ಹಾರಿದ ನಂತರದ ಕ್ಷಣಗಳಲ್ಲಿ ಆ ಸದ್ದು ಬಂದರೆ ಎಂಜಿನ್ನಿನ ಕಂಪ್ಯೂಟರ್ ಮುಂದಿನ ಕಿಡಿಯನ್ನು ಕೆಲವು ಡಿಗ್ರಿ ತಡವಾಗಿಸುತ್ತದೆ. 1978ರಲ್ಲಿ ಅಮೆರಿಕದ ಬ್ಯೂಕ್ ಕಂಪನಿಯ ಟರ್ಬೊ ಕಾರುಗಳಲ್ಲೇ ಈ ಏರ್ಪಾಡು ಇತ್ತು.

ಮಗ ಕಾರು ನಿಲ್ಲಿಸಿ ಲ್ಯಾಪ್‌ಟಾಪ್ ತೆರೆದ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಕಿಡಿ 2 ಡಿಗ್ರಿ, 4 ಡಿಗ್ರಿ, ಕೊನೆಗೆ 6 ಡಿಗ್ರಿ ಹಿಂದೆ ಸರಿದಿತ್ತು.

"ಕಂಪ್ಯೂಟರ್ ತಾನ ಸುಧಾರಿಸಿಕೊಳ್ಳಾಕತ್ತೈತಲ್ಲಪ್ಪಾ?" ಎಂದ.

"ಎಷ್ಟ ಅಂತ ಹಿಂದ ಸರದೀತು? ಗ್ವಾಡಿ ಹತ್ತಿದ ಮ್ಯಾಲೆ ಎಲ್ಲಿ ಸರೀತೈತಿ?"

ಸಾಹುಕಾರರ ಮಗ ನಡುವೆ ಬಾಯಿ ಹಾಕಿ, "ಆ ಸೆನ್ಸರ್ ಕೆಲಸಾನ ಬಂದ್ ಮಾಡಿಬಿಡ್ರಿ," ಎಂದ. ಮೇಸ್ತ್ರಿ ನಕ್ಕ. "ಬ್ಯಾಡಗಿ ಮೆಣಸಿನಕಾಯಿ ಹಂಗ ಬಣ್ಣ ಅಷ್ಟ ಬೇಕು, ಖಾರ ಬ್ಯಾಡ ಅಂದ್ರ ಎಂಜಿನ್ ಕೇಳೂದಿಲ್ರೀ ತಮ್ಮಾರ."

ಸದ್ದು ಅಡಗಿಸುವ ಅವಸರ ಹಳೆಯದು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ ನಿಲ್ಲುವುದನ್ನು ಕಂಡ. ಎಂಜಿನ್ ಸುಮ್ಮನಾಯಿತು, ಸೀಸದ ವಿಷ ಮಾತ್ರ ಹಲವು ದಶಕ ಮಕ್ಕಳ ಉಸಿರಿಗೆ ಸೇರಿತು. ನಮ್ಮ ದೇಶದಲ್ಲಿ ಅಂಥ ಪೆಟ್ರೋಲ್ ನಿಂತದ್ದು 2000ನೇ ಇಸವಿಯಲ್ಲಿ.

ಗ್ಯಾರೇಜಿಗೆ ಮರಳಿದ ಮೇಲೆ ಮೇಸ್ತ್ರಿ ಆ ಪಿಸ್ಟನ್ನನ್ನು ಮಗನ ಕೈಗಿಟ್ಟ. ಮಗ ಹುಟ್ಟುವ ಮೊದಲಿನ ಮಾತು. ಬಾಡಿಗೆ ಕಾರೊಂದಕ್ಕೆ ಎಳೆತ ಸಾಲದೆಂದು ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿಯನ್ನು ಮುಂದಕ್ಕೆ ತಂದಿದ್ದ. ಸಾಸಿವೆ ಸಿಡಿಯುವ ಸದ್ದು ಅಂದೂ ಕೇಳಿತ್ತು; ಗಿರಾಕಿ ಖುಷಿಯಲ್ಲಿದ್ದನೆಂದು ಸುಮ್ಮನಾದ. ವಾರದೊಳಗೆ ಎಂಜಿನ್ ಮುರಿಯಿತು. ಹೆಂಡತಿಯ ಬಂಗಾರ ಅಡವಿಟ್ಟು ಎಂಜಿನ್ ಕಟ್ಟಿಕೊಟ್ಟ. "ಕೇಳಿಸಲಿಲ್ಲ ಅಂದ್ರ ತಪ್ಪಲ್ಲ ತಮ್ಮಾ. ಕೇಳಿಸಿದ್ರೂ ಸುಮ್ಮನಿದ್ದೆ ನೋಡು, ಅದು ತಪ್ಪು."

ಮಗ ಬಹಳ ಹೊತ್ತು ಮಾತಾಡಲಿಲ್ಲ. ನಂತರ ನೋಟ್‌ಬುಕ್ ತೆಗೆದು, ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಬರೆದುಕೊಂಡ. ಒತ್ತಡ ತುಸು ಇಳಿಸಿ ಓಡಿಸಿ ನೋಡಿದ. ಕಿಡಿಯನ್ನು ತುಸು ಹಿಂದಿಟ್ಟು ಮತ್ತೆ ನೋಡಿದ. ಸೆನ್ಸರಿನ ಬೋಲ್ಟು ಸಡಿಲವಿದ್ದರೆ ಕಿವಿಯೇ ಮಂದವಾಗುತ್ತದೆಂದು ಅದರ ಬಿಗಿಯನ್ನೂ ಪರೀಕ್ಷಿಸಿದ. ಆ ಬಿಸಿಲಲ್ಲಿ, ಆ ಪೆಟ್ರೋಲಿನಲ್ಲಿ, ಕಂಪನಿ ಕೊಟ್ಟ ಲೆಕ್ಕಕ್ಕೆ ಬಂದಾಗಲೇ ಸದ್ದು ಪೂರಾ ನಿಂತಿತು. ಸಂಜೆಗೆ ಕಾರು ಮೊದಲಿದ್ದಂತೆಯೇ ಆಯಿತು. ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಂಕುಶ ಇದೆಯೆಂದು ಓದಿದ್ದೂ ಅವನಿಗೆ ಆಗ ನೆನಪಾಯಿತು. ಗಿರಾಕಿ ಮುಖ ಗಂಟು ಹಾಕಿಕೊಂಡು ಹೋದ. ಹುಡುಗ ಹಣ ಮುಟ್ಟಲಿಲ್ಲ.

ರಾತ್ರಿ ಬ್ಯಾಡಗಿಯಿಂದ ಆ ಹುಡುಗನ ತಂದೆಯ ಫೋನು ಬಂತು. "ಏನ್ ಮೇಸ್ತ್ರಿ, ಗಾಡಿ ಜೋರ್ ಮಾಡ್ರಿ ಅಂದ್ರ ಸಾವಕಾಶ ಮಾಡಿ ಕಳಿಸೀರಂತ?"

"ಸಾವಕಾಶ ಅಲ್ರೀ ಸಾಹುಕಾರ್ರ," ಎಂದ ಮೇಸ್ತ್ರಿ, "ಮನೀ ಮುಟ್ಟೂವಂಗ ಮಾಡೇವಿ."

ಆ ಕಡೆ ತುಸು ಹೊತ್ತು ಮಾತಿರಲಿಲ್ಲ. "ಛಲೋ ಆತು ಬಿಡ್ರಿ," ಎಂದು ಸಾಹುಕಾರರು ಫೋನಿಟ್ಟರು.