ಎರಡು ಚಿಕ್ಕಿ ಒಂದಾದಾಗ

ನಿಪ್ಪಾಣಿಯ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮುಗಿಸಿ ಚಿಕ್ಕೋಡಿಗೆ ಬಂದು ನೆಲೆಸಿದ ಮೇಲೆ, ನಕ್ಷತ್ರ ನೋಡಲೆಂದು ಒಂದು ಚಿಕ್ಕ ದುರ್ಬೀನು ಕೊಂಡೆ. ಮುಂದಿನ ಮಸೂರದ ಅಗಲ 70 ಮಿಲಿಮೀಟರ್. ಕಳೆದ ಬೇಸಿಗೆ ರಜೆಯಲ್ಲಿ ಮಾಳಿಗೆಯ ಮೇಲೆ ಮೊಮ್ಮಗಳಿಗೆ ಗುರುಗ್ರಹ ತೋರಿಸಿದೆ. ಅವಳು ಕನ್ನಡಕ ತೆಗೆದು ಇಣುಕಿ, “ಹೂಂ ಅಜ್ಜಾ, ಕಾಣಸ್ತು” ಎಂದು ಕೆಳಗೆ ಓಡಿದಳು.

ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು: “ಏನೂ ಕಾಣಲಿಲ್ಲವ್ವಾ, ಬರೇ ಮಬ್ಬು ಬೆಳಕು. ಅಜ್ಜಗ ಬ್ಯಾಸರ ಆಗಬಾರ್ದಂತ ಹೂಂ ಅಂದೆ.”

ನನಗೆ ನನ್ನ ಮೇಲೆಯೇ ಬೇಸರವಾಯಿತು. ತಿರುಪು ತಿರುಗಿಸಿ ನನ್ನ ಕಣ್ಣಿಗೆ ಹೊಂದಿಸಿದ್ದೆ. ನನ್ನದು ಪೊರೆ ತೆಗೆಸಿದ ಕಣ್ಣು. ಅವಳದು ಕನ್ನಡಕವಿಲ್ಲದೆ ದೂರದ್ದು ಕಾಣದ ಕಣ್ಣು. ನನಗೆ ಸ್ಪಷ್ಟವಾದದ್ದು ಅವಳಿಗೆ ಮಬ್ಬು.

ಮರುದಿನ ಇಬ್ಬರೂ ಕೂತು ಬೂಟಿನ ಡಬ್ಬಿಯ ರಟ್ಟಿನಿಂದ ದುರ್ಬೀನಿನ ಬಾಯಿಗೆ ಕೂಡುವ ದುಂಡು ಮುಚ್ಚಳ ಮಾಡಿದೆವು. ಅದರಲ್ಲಿ ಎದುರುಬದುರಾಗಿ ಎರಡು ತೂತು. ಒಂದೊಂದೂ 20 ಮಿಲಿಮೀಟರ್ ಅಗಲ, ನಡುವಿನಿಂದ ನಡುವಿಗೆ 40 ಮಿಲಿಮೀಟರ್ ದೂರ. ಹೊಂದಾಣಿಕೆ ತಪ್ಪಿದ್ದರೆ ಎರಡು ತೂತಿನ ಬೆಳಕು ಬೇರೆ ಬೇರೆ ಬಿದ್ದು ಒಂದೇ ನಕ್ಷತ್ರ ಎರಡಾಗಿ ಕಾಣುತ್ತದೆ. ಸರಿಹೋದಾಗ ಎರಡೂ ಕೂಡಿ ಒಂದಾಗುತ್ತದೆ. ಕ್ರಿಸ್ಟೋಫ್ ಶೈನರ್ ಎಂಬ ಜರ್ಮನಿಯ ಪಾದ್ರಿ, ಕಣ್ಣಿನ ಕುರಿತು 1619ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಎರಡು ತೂತಿನ ಈ ಚಮತ್ಕಾರವನ್ನು ವಿವರಿಸಿದ್ದ. ಮಕ್ಕಳೇ, ನೀವೂ ಮಾಡಿ ನೋಡಿ. ಆದರೆ ಸೂರ್ಯನ ಕಡೆಗೆ ಮಾತ್ರ ದುರ್ಬೀನು ಎಂದೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ.

ರಾತ್ರಿ ಸ್ವಾತಿ ನಕ್ಷತ್ರಕ್ಕೆ ಗುರಿಯಿಟ್ಟು, ತಿರುಪನ್ನು ಅವಳ ಕೈಗೇ ಬಿಟ್ಟೆ.

“ಅಜ್ಜಾ, ಎರಡು ಚಿಕ್ಕಿ ಅದಾವು!”

“ಮೆಲ್ಲಕ ತಿರುವವ್ವಾ. ದೂರ ಸರದ್ರ ಹಿಂದಕ್ಕ ತಿರುವು.”

“ಹತ್ರ ಬಂದ್ವು... ಒಂದ ಆತು!”

ಮುಚ್ಚಳ ತೆಗೆದು, ತಿರುಪು ಮುಟ್ಟದೆ ಗುರುವಿನತ್ತ ಹೊರಳಿಸಿದೆ. ಈ ಸಲ ಅವಳು ‘ಹೂಂ’ ಅನ್ನಲಿಲ್ಲ. ಬಹಳ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ತಕರಾರು ತೆಗೆದಳು: “ಗೆಲಿಲಿಯೋ 1610ರಾಗ ನಾಕು ಚಂದ್ರ ನೋಡಿದ್ದ ಅಂದಿದ್ದಿ. ಇಲ್ಲಿ ಮೂರ ಅದಾವಲ್ಲ?”

ಒಂದು ಗುರುವಿನ ಹಿಂದೆಯೋ ಮುಂದೆಯೋ ಇರಬೇಕೆಂದು ಹೇಳಿದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆ ಬಿದ್ದರೂ ಎದೆ ಢವಢವ ಅನ್ನುತ್ತಿತ್ತು. ಆ ರಾತ್ರಿ ಒಂದು ಚಂದ್ರ ಕಡಿಮೆ ಬಿದ್ದದ್ದು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.