ಆಮೆಯ ಕಾಲಡಿಯ ನೆಲ

ಕನ್ನಡದಲ್ಲಿ ಆಮೆ, ಮಲಯಾಳದಲ್ಲಿ ಆಮ, ತುಳುವಿನಲ್ಲಿ ಏಮೆ. ಮೂರು ಭಾಷೆಗಳ ಅಂಗಳವನ್ನು ದಾಟುವಾಗ ಈ ಪ್ರಾಣಿ ತನ್ನ ಹೆಸರಿನಲ್ಲಿ ಒಂದು ಸ್ವರವನ್ನಷ್ಟೇ ಬದಲಿಸಿಕೊಂಡಿದೆ. ಭಾಷೆಯ ವಿಷಯದಲ್ಲಿ ನಾವು ಗಡಿನಾಡಿನವರು ಪಡುವ ಪಾಡನ್ನು ನೆನೆದರೆ ಆಮೆಯೇ ಬುದ್ಧಿವಂತ ಎನ್ನಬೇಕು. ಕಾಸರಗೋಡಿಗೂ ಆಮೆಗೂ ಹಳೆಯ ನಂಟು. ಹಳೆಯ ಬಾವಿಗೆ ಬಗ್ಗಿ ನೋಡಿದಾಗ ಕರಿಯ ಬೆನ್ನೊಂದು ತೇಲುತ್ತಿರುವುದನ್ನು ನಮ್ಮಲ್ಲಿ ಹಲವರು ಕಂಡವರೇ. ಚಂದ್ರಗಿರಿ ಹೊಳೆಯಲ್ಲಿರುವ ಪಾಲಪೂವನ್ ಎಂಬ ಭಾರೀ ಆಮೆಯನ್ನು 2023ರಲ್ಲಿ ಜಿಲ್ಲಾ ಪಂಚಾಯತು ನಮ್ಮ ಜಿಲ್ಲೆಯ ಜೀವಿಯೆಂದೇ ಘೋಷಿಸಿತು. ಆದರೆ ಇವೆಲ್ಲ ನೀರಿನವು. ನಾನು ಬರೆಯಹೊರಟಿರುವುದು ನೆಲದ ಮೇಲೆಯೇ ಬಾಳುವ ಆಮೆಯ ವಿಚಾರ. ಅದರಲ್ಲೂ, ಮನೆಯೊಳಗೆ ಸಾಕಿದರೆ ಅದರ ಕಾಲಡಿಯಲ್ಲಿ ಏನಿರಬೇಕು ಎಂಬ, ಕೇಳುವುದಕ್ಕೆ ತೀರ ಸಣ್ಣದಾದ ವಿಚಾರ.

ಇದು ಸಣ್ಣದಲ್ಲವೆಂದು ನನಗೆ ತಿಳಿದದ್ದು ಶಾರ್ಜಾದಲ್ಲಿ. 2022ರ ಆಗಸ್ಟಿನಲ್ಲಿ ಮಗಳ ಎರಡನೆಯ ಹೆರಿಗೆಗೆಂದು ನನ್ನಾಕೆ ಹೊರಟಾಗ ನಾನೂ ಬಾಲದಂತೆ ಹೋಗಿದ್ದೆ. ಏಳನೆಯ ಮಾಳಿಗೆಯ ಆ ಮನೆಯಲ್ಲಿ ಮೊಮ್ಮಗನಿಗೆ ಒಬ್ಬ ಒಡನಾಡಿಯಿದ್ದ. ಹೆಸರು ಕುಟ್ಟನ್. ಹೆಸರಿಟ್ಟವಳು ಎದುರುಮನೆಯ ಪಯ್ಯನ್ನೂರಿನವರ ಹುಡುಗಿ. ಎರಡು ವರ್ಷದ, ಒಂದು ಕಿಲೋ ಕೂಡ ತೂಗದ, ಹುಲ್ಲು ಬಣ್ಣದ ಚಿಪ್ಪಿನ ಆಮೆ. ಅಂಗಡಿಯಿಂದ ಕಾಗದಪತ್ರ ಸಮೇತ ಕೊಂಡದ್ದು. ಜಾತಿಯಲ್ಲಿ ಆಫ್ರಿಕದ ಸುಲ್ಕಾಟಾ.

ಮರುಭೂಮಿಯ ಆಮೆ ಎಂದು ಅಂಗಡಿಯವ ಹೇಳಿದ್ದನಂತೆ. ಹಾಗಾಗಿ ಅಳಿಯ ಒಂದು ಶುಕ್ರವಾರ ಕಾರು ತೆಗೆದುಕೊಂಡು ಹೋಗಿ ಕೆಂಪಗಿನ ನುಣ್ಣನೆ ಹೊಯಿಗೆಯನ್ನು ಚೀಲ ತುಂಬಿ ತಂದು ಪೆಟ್ಟಿಗೆಯಲ್ಲಿ ಹರಡಿದ್ದ. ನೋಡುವುದಕ್ಕೆ ಬಹಳ ಚಂದವಿತ್ತು. ಅದರ ಮೇಲೆಯೇ ಸೌತೆಯ ಹೋಳು, ಟೊಮೆಟೊ, ಲೆಟ್ಯೂಸ್ ಎಂಬ ನೀರುಸೊಪ್ಪು ಬೀಳುತ್ತಿದ್ದುವು. ಒದ್ದೆ ಸೊಪ್ಪಿಗೆ ಹೊಯಿಗೆ ಅಂಟುತ್ತಿತ್ತು. ಕುಟ್ಟನ್ ಎರಡನ್ನೂ ಒಟ್ಟಿಗೆ ನುಂಗುತ್ತಿತ್ತು.

ನಾವು ಹೋದ ಎರಡನೆಯ ವಾರ ಅದು ತಿನ್ನುವುದನ್ನು ಬಿಟ್ಟಿತು. ಹಿಕ್ಕೆ ಹಾಕದೆ ಆರು ದಿನವಾಗಿತ್ತು. ನಡೆಯುವಾಗ ಹಿಂಗಾಲುಗಳನ್ನು ಎಳೆಯುತ್ತಿತ್ತು. ಒಮ್ಮೊಮ್ಮೆ ಕುತ್ತಿಗೆಯನ್ನು ಮುಂದಕ್ಕೆ ಚಾಚಿ, ಬಾಯಿ ತೆರೆದು, ಮೈಯನ್ನೆಲ್ಲ ಬಿಗಿಹಿಡಿದು ತಿಣುಕುತ್ತಿತ್ತು. ಕೂಗು ಇಲ್ಲದ ಪ್ರಾಣಿಯ ನೋವನ್ನು ನೋಡುವುದು ಕಷ್ಟ. ಮೊಮ್ಮಗ ಶಾಲೆಗೆ ಹೋಗಲಾರೆನೆಂದು ಕುಳಿತ. "ಸ್ವಲ್ಪ ಹರಳೆಣ್ಣೆ ಕುಡಿಸಿದರೆ ಹೇಗೆ?" ಎಂದು ನನ್ನಾಕೆ ಕೇಳಿದಳು. ಅಳಿಯ ಮಾತ್ರ, "ಬೇಡ ಅತ್ತೇ, ಡಾಕ್ಟರಲ್ಲಿಗೆ ಹೋಗುವ" ಎಂದ. ಅದು ಒಳ್ಳೆಯದೇ ಆಯಿತು. ಬಾಯಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಆಮೆ ಅದರಿಂದಲೇ ಸಾಯಬಹುದೆಂದು ಆಮೇಲೆ ತಿಳಿಯಿತು.

ಡಾಕ್ಟರು ತ್ರಿಶೂರಿನ ಮಣ್ಣುತ್ತಿಯಲ್ಲಿ ಓದಿದ ಹೆಣ್ಣುಮಗಳು. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಚಿಪ್ಪಿನೊಳಗೆ, ಕರುಳಿನ ದಾರಿಯುದ್ದಕ್ಕೂ, ಸುಣ್ಣ ಬಳಿದಂತೆ ಬೆಳ್ಳಗಿನ ಒಂದು ಪಟ್ಟಿ. ನಾನು ಕಾಸರಗೋಡಿನ ಮೇಷ್ಟ್ರು ಎಂದು ತಿಳಿದ ಮೇಲೆ ಮಲಯಾಳದಲ್ಲಿ ಮಾತು ಸಲೀಸಾಯಿತು. "ಮಾಷೇ, ಹೊಯಿಗೆ ಒಂದೇ ಅಪರಾಧಿಯಲ್ಲ" ಎಂದು ಆಕೆ ಮೂರು ಪ್ರಶ್ನೆ ಕೇಳಿದರು. ಕೋಣೆಯ ಶಾಖ ಎಷ್ಟು? ನೀರು ಯಾವಾಗ? ನಾರು ಎಷ್ಟು?

ಕೋಣೆಯ ಹವಾನಿಯಂತ್ರಣ ಹಗಲೂ ರಾತ್ರಿ 21 ಡಿಗ್ರಿಯಲ್ಲಿತ್ತು. ನಮ್ಮ ಹಾಗೆ ಒಳಗಿನಿಂದ ಮೈ ಬಿಸಿಮಾಡಿಕೊಳ್ಳಲು ಆಮೆಗೆ ಬರುವುದಿಲ್ಲ. ಹೊರಗಿನ ಶಾಖವೇ ಅದರ ಜಠರಾಗ್ನಿ. ತಂಪಿನಲ್ಲಿ ಕರುಳು ನಿಧಾನವಾಗುತ್ತದೆ, ತಿಂದದ್ದು ನಿಂತಲ್ಲಿಯೇ ನಿಲ್ಲುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಕರುಳು ಇದ್ದ ತೇವವನ್ನೂ ಹೀರಿಕೊಂಡು ಒಳಗಿದ್ದುದನ್ನು ಗಟ್ಟಿಮಾಡುತ್ತದೆ. ಹುಲ್ಲು ಮೇಯಬೇಕಾದ ಪ್ರಾಣಿಗೆ ಸೌತೆ, ಟೊಮೆಟೊ ಕೊಟ್ಟರೆ ಕಸವನ್ನು ಮುಂದಕ್ಕೆ ದೂಡುವ ನಾರೇ ಇಲ್ಲ. ಇನ್ನೂ ಒಂದು ಮಾತು: ಸುಣ್ಣದ ಅಂಶ ಸಾಲದಿದ್ದರೆ ಆಮೆ ಬೇಕೆಂದೇ ಮಣ್ಣು, ಕಲ್ಲು ತಿನ್ನುವುದುಂಟು. ಬಸುರಿ ಹೆಂಗಸರು ಮಣ್ಣು ತಿಂದ ಕತೆಗಳನ್ನು ಕೇಳಿದ ನಮಗೆ ಇದು ಅಪರಿಚಿತವೇನಲ್ಲ.

ಸುಲ್ಕಾಟಾದ ತವರನ್ನೂ ಆಕೆ ಬಿಡಿಸಿ ಹೇಳಿದರು. ಅದು ಸಹಾರಾದ ನಡುವಿನ ದಿಬ್ಬಗಳಲ್ಲಿ ಹುಟ್ಟಿದ್ದಲ್ಲ. ಸೆನೆಗಲಿನಿಂದ ಇಥಿಯೋಪಿಯದ ತನಕ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಹಬ್ಬಿದ ಸಾಹೇಲ್ ಎಂಬ ಒಣಹುಲ್ಲಿನ ಪ್ರದೇಶ ಅದರ ಊರು. ಅರಬಿಯಲ್ಲಿ ಆ ಮಾತಿಗೆ ತೀರ, ಅಂಚು ಎಂದರ್ಥ. ಅಂದರೆ ಕುಟ್ಟನೂ ಗಡಿನಾಡಿನವನೇ! ಅಲ್ಲಿ ಅದು ಗಟ್ಟಿನೆಲದಲ್ಲಿ ಬಿಲ ತೋಡಿ, ಬಿಸಿಲೇರಿದಾಗ ಆಳದ ತೇವದಲ್ಲಿ ಅಡಗಿ, ತಂಪಾದಾಗ ಹೊರಬಂದು ದೂರ ದೂರ ಮೇಯುತ್ತದೆ. ಆ ನಡಿಗೆ, ಆ ಹುಲ್ಲು, ಆ ಬಿಲದ ಪಸೆ, ಆ ಬಿಸಿಲು ಇವೆಲ್ಲ ಸೇರಿ ಅದರ ನೆಲ. ನಾವು ಅದರಿಂದ ಬಣ್ಣವೊಂದನ್ನೇ ಕಿತ್ತು ತಂದು ಪೆಟ್ಟಿಗೆಗೆ ಹಾಕಿದ್ದೆವು.

ಚಿಕಿತ್ಸೆ ಸರಳ, ಆದರೆ ತಾಳ್ಮೆಯದು. ಡಾಕ್ಟರು ಸೂಜಿಯಿಂದ ಮೈಗೆ ನೀರು ಹಿಡಿಸಿದರು, ಎನಿಮಾ ಕೊಟ್ಟರು. ಮನೆಯಲ್ಲಿ ದಿನಕ್ಕೆರಡು ಸಲ, ಇಪ್ಪತ್ತು ನಿಮಿಷ, ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಅತ್ತ ಕೋಣೆಯಲ್ಲಿ ನನ್ನಾಕೆ ಹಸುಗೂಸನ್ನು ಮೀಯಿಸುವಾಗ ಇತ್ತ ನಾನು ಆಮೆಯನ್ನು ಮೀಯಿಸುತ್ತಿದ್ದೆ. ಇಷ್ಟಕ್ಕೂ ಜಗ್ಗದಿದ್ದರೆ ಎದೆಯ ಚಿಪ್ಪನ್ನು ಕೊಯ್ದು ಶಸ್ತ್ರಕ್ರಿಯೆ ಮಾಡಬೇಕಾದೀತೆಂದು ಎಚ್ಚರಿಸಿದ್ದರು. ಐದನೆಯ ಬೆಳಿಗ್ಗೆ ನೀರಿನ ತಳದಲ್ಲಿ ಒಂದು ಚಮಚದಷ್ಟು ಕೆಂಪು ಹೊಯಿಗೆ ಕಂಡಿತು. ಮೊಮ್ಮಗ ಮನೆಯವರನ್ನೆಲ್ಲ ಕೂಗಿ ಕರೆದ. ಆಮೆಯ ಹಿಕ್ಕೆಗೆ ಒಂದು ಸಂಸಾರ ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ಪೆಟ್ಟಿಗೆಯ ನೆಲ ಬದಲಾಯಿತು. ಗೊಬ್ಬರವಾಗಲಿ ಔಷಧಿಯಾಗಲಿ ಸೇರದ ಸಾದಾ ಮಣ್ಣಿಗೆ ತೆಂಗಿನ ನಾರಿನ ಹುಡಿ ಬೆರೆಸಿ, ಒಂದು ಗೇಣಿಗೆ ತುಸು ಕಡಿಮೆ ದಪ್ಪ ಹಾಕಿ, ಕೈಯಲ್ಲಿ ಹಿಂಡಿದರೆ ಉಂಡೆಯಾಗುವಷ್ಟು, ಆದರೆ ನೀರು ಒಸರದಷ್ಟು ತೇವ ಮಾಡಿ, ಒತ್ತಿ ಗಟ್ಟಿಮಾಡಬೇಕು. ಒಂದು ಮೂಲೆಯಲ್ಲಿ ಒಣಹುಲ್ಲು. ಒಂದು ಕಡೆ ದೀಪದ ಕೆಳಗೆ 35 ಡಿಗ್ರಿಯ ಬಿಸಿ, ಇನ್ನೊಂದು ಕಡೆ ತುಸು ತಂಪು. ಬೇಕಾದ್ದನ್ನು ಆಮೆಯೇ ಆರಿಸಿಕೊಳ್ಳಲಿ. ಬಿಸಿಲಿಲ್ಲದ ಮನೆಯಲ್ಲಿ ಅತಿನೇರಳೆ ಬೆಳಕು ಬೀರುವ ದೀಪವೂ ಬೇಕು. ಅದಿಲ್ಲದೆ ಸುಣ್ಣದಂಶ ಮೈಗೆ ಹತ್ತದು. ತಿನಿಸನ್ನು ಚಪ್ಪಟೆ ಕಲ್ಲಿನ ಮೇಲೆ ಇಡುವುದು. ಸುಣ್ಣದಂಶಕ್ಕೆ ನಮ್ಮ ಕಡಲತೀರದಲ್ಲಿ ಸಿಗುವ ಸಮುದ್ರಫೇನದ ಒಂದು ತುಂಡು ಸಾಕು. ಒಣ ಹೊಯಿಗೆ, ಸಣ್ಣ ಬೆಣಚುಕಲ್ಲು, ಅಕ್ರೋಟಿನ ಚಿಪ್ಪಿನ ಚೂರು, ಜೋಳದ ದಿಂಡಿನ ಹುಡಿ, ಬೆಕ್ಕಿಗೆಂದು ಮಾರುವ ಜೇಡಿಯ ಹರಳು ಇವು ಯಾವುವೂ ಸಲ್ಲವು. ತಿಂದರೂ ಕರಗುತ್ತದೆಂದು ಹೇಳಿ ಮಾರುವ ಸುಣ್ಣದ ಹೊಯಿಗೆಯೂ ಹೊಟ್ಟೆಯಲ್ಲಿ ಗಟ್ಟಿಕಟ್ಟಬಲ್ಲದು. ದೇವದಾರಿನಂಥ ಘಾಟು ಮರದ ಹೊಟ್ಟು ಉಸಿರಿಗೆ ಕೆಡುಕು.

ನಾರಿನ ಹುಡಿಯನ್ನು ಕೊಳ್ಳಲು ಹೋದಾಗ ನನಗೆ ನಗು ತಡೆಯಲಾಗಲಿಲ್ಲ. ಇಟ್ಟಿಗೆಯಂತೆ ಒತ್ತಿದ ಕಟ್ಟು, ಮೇಲೆ ಕೇರಳದ ಹೆಸರು. ನಾವು ಚಗಿರಿಚ್ಚೋರು ಎಂದು ಗುಡ್ಡೆಹಾಕಿ ಮರೆಯುವುದು ಅದನ್ನೇ ಅಲ್ಲವೇ? 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರವನ್ನು ಕಂಡ ಊರಿನವ ನಾನು. ನಮ್ಮ ಬಚ್ಚಲ ಒಲೆಯಲ್ಲಿ ಉರಿದುಹೋಗುವ ಸಿಪ್ಪೆಯ ಹುಡಿಯನ್ನು ದಿರ್‌ಹಮ್ ಕೊಟ್ಟು ಕೊಂಡುತಂದೆ, ಆಫ್ರಿಕದ ಆಮೆಗೆ ಹಾಸಿಗೆ ಮಾಡಲು.

ಊರಿನ ಓದುಗರಿಗೆ ಒಂದು ಮಾತು ಹೇಳಲೇಬೇಕು. ಇದನ್ನೋದಿ ಯಾರೂ ಇಲ್ಲಿ ಆಮೆ ಸಾಕಲು ಹೊರಡಬಾರದು. ವಾಸ್ತುವಿನ ಹೆಸರಿನಲ್ಲಿ, ಅದೃಷ್ಟದ ಹೆಸರಿನಲ್ಲಿ ಕದ್ದು ಮಾರುವ ನಕ್ಷತ್ರ ಆಮೆಯನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. 2019ರಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುನಿಟ್ಟಿನ ನಿಷೇಧವಿದೆ. ಕಾಡಿನ ನೆಲವನ್ನು ನಾವು ಪೆಟ್ಟಿಗೆಯಲ್ಲಿ ಎಷ್ಟೇ ಜಾಣತನದಿಂದ ಹಾಸಿದರೂ ಅದು ಹಾಸಿಗೆಯೇ ಹೊರತು ಊರಾಗುವುದಿಲ್ಲ.

ಇದು ಕುಟ್ಟನಿಗೂ ಅನ್ವಯಿಸುವ ಮಾತೇ. ಸುಲ್ಕಾಟಾ ಬೆಳೆದರೆ ನಲವತ್ತು ಕಿಲೋ ದಾಟುವುದುಂಟು, ಸಾಕಿದವನಿಗಿಂತ ಹೆಚ್ಚು ಕಾಲ ಬದುಕುವುದೂ ಉಂಟು. ಅಳಿಯನ ವೀಸಾದ ಆಯುಸ್ಸು ಎರಡು ವರ್ಷ. ಕೊಲ್ಲಿಯ ನೌಕರಿಯವರಿಗೆ ಕಾಲಡಿಯ ನೆಲ ಯಾವಾಗಲೂ ಬಾಡಿಗೆಯದು. ಹೊರಡುವ ದಿನ ಆಮೆಯನ್ನು ಯಾರ ಕೈಗೆ ಕೊಡುವುದು? ಈ ಪ್ರಶ್ನೆ ಬಂದಾಗ ಮನೆಯಲ್ಲಿ ಯಾರೂ ಬೇಗ ಮಾತಾಡಲಿಲ್ಲ. ಕೊನೆಗೆ 2023ರಲ್ಲಿ, ಧೈದ್ ಕಡೆ ಖರ್ಜೂರದ ತೋಟವಿರುವ ಪರಿಚಯಸ್ಥರೊಬ್ಬರು ಕಾಗದಪತ್ರ ಬರೆಸಿಕೊಂಡು ಅದನ್ನು ಒಯ್ದರು. ಅಲ್ಲಿ ಅದರ ಜಾತಿಯವೇ ಎರಡು ಮೊದಲೇ ಇದ್ದುವು.

ತಿಂಗಳಿಗೊಮ್ಮೆ ಮೊಮ್ಮಗ ಅಲ್ಲಿಗೆ ಹೋಗಿಬರುತ್ತಾನೆ. ಈಚೆಗೆ ಫೋನಿನಲ್ಲಿ ಅವನದೊಂದು ತಕರಾರು: "ಅಜ್ಜ, ಅಲ್ಲಿ ಪೂರಾ ಹೊಯಿಗೆಯೇ ಉಂಟು. ಆದರೂ ಕುಟ್ಟನಿಗೆ ಏನೂ ಆಗಲಿಲ್ಲ. ಹುಲ್ಲು ತಿನ್ನುತ್ತದೆ, ಇಡೀ ದಿನ ನಡೆಯುತ್ತದೆ, ಗಾಫ್ ಮರದ ಬುಡದಲ್ಲಿ ನನ್ನಷ್ಟು ಉದ್ದದ ಬಿಲ ಮಾಡಿದೆ. ಕರೆದರೆ ಬರುವುದೂ ಇಲ್ಲ."