ನಮ್ಮ ಗಲ್ಲಿಗೂ ಪೀಜಿ ಬರುತ್ತಂತೆ!

ಸರೋಜಿನಿ ನಗರದ ಮಾರ್ಕೆಟ್ ಎಲ್ಲರಿಗೂ ಗೊತ್ತು. ಅದರ ಮಗ್ಗುಲಲ್ಲಿರೋ ಪಿಲಂಜಿ ಅನ್ನೋ ಹಳೇ ಹಳ್ಳಿ ಅಷ್ಟಾಗಿ ಗೊತ್ತಿಲ್ಲ. ಕೈ ಚಾಚಿದರೆ ಎದುರುಮನೆ ಸಿಗುವಂಥ ಗಲ್ಲಿಗಳು. ನಮ್ಮ ಗಲ್ಲಿಯಲ್ಲಿ ಈಗ ಒಂದೇ ಸುದ್ದಿ: ಮೂಲೆಮನೆ ಪೀಜಿ ಆಗುತ್ತಂತೆ. ಪರವಾನಗಿ ಇದೆಯಾ ಅಂತ ಕೇಳಿದರೆ ಮಾಲೀಕರು ನಕ್ಕು ಸುಮ್ಮನಾದರು.

ನೆರೆಯವರಿಗೆ ನೀರಿನ ಚಿಂತೆ, ಬೈಕುಗಳ ಚಿಂತೆ, "ಎಂಥೆಂಥವರು ಬರ್ತಾರೋ" ಅನ್ನೋ ಚಿಂತೆ. ನನ್ನದು ಬೇರೆ. ಆ ಮನೆಗಿರೋದು ಒಂದೇ ಮೆಟ್ಟಿಲು, ಅದರ ಬುಡದಲ್ಲೇ ಕರೆಂಟ್ ಮೀಟರುಗಳು.

2023ರ ಸೆಪ್ಟೆಂಬರಿನಲ್ಲಿ ಮುಖರ್ಜಿ ನಗರದ ಹುಡುಗಿಯರ ಪೀಜಿಗೆ ಬೆಂಕಿ ಹತ್ತಿದ್ದು ಹೀಗೇ, ಮೆಟ್ಟಿಲ ಬಳಿಯ ಮೀಟರ್ ಬೋರ್ಡಿನಿಂದ. ಅಲ್ಲೂ ಮೆಟ್ಟಿಲು ಒಂದೇ. ಪುಣ್ಯಕ್ಕೆ 35 ಹುಡುಗಿಯರೂ ಪಾರಾದರು. ಮರುವರ್ಷ ಜುಲೈನಲ್ಲಿ ಹಳೇ ರಾಜಿಂದರ್ ನಗರದಲ್ಲಿ ಮೂವರು ವಿದ್ಯಾರ್ಥಿಗಳು ಉಳಿಯಲಿಲ್ಲ. ಸಾಮಾನು ಇಡಲು ಅನುಮತಿ ಇದ್ದ ನೆಲಮಾಳಿಗೆಯಲ್ಲಿ ಲೈಬ್ರರಿ ನಡೀತಿತ್ತು, ಮಳೆನೀರು ನುಗ್ಗಿತು.

ಬೆಂಗಳೂರಿನ ಪಾಲಿಕೆ 2024ರಲ್ಲಿ ಪೀಜಿಗಳಿಗೆ ನಿಯಮ ಮಾಡಿತು: ತಲಾ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು... ಪರವಾನಗಿ ಅಂದರೆ ಬರೀ ಕಾಗದ ಅಲ್ಲ, ಒಳಗೆ ಮಲಗಿದವರನ್ನು ಯಾರೋ ಲೆಕ್ಕಕ್ಕೆ ತಗೊಂಡಿದ್ದಾರೆ ಅಂತ ಅರ್ಥ.

ಹುಡುಗರೇ ಬರಬಾರದು ಅಂತ ಅರ್ಜಿ ಬರೆದರೆ ನಾನು ಸಹಿ ಹಾಕೊಲ್ಲ. ಈ ಊರಿಗೆ ಬಂದಾಗ ನಾನೂ ಇಂಥದೇ ಕೋಣೆಯಲ್ಲಿ ಮಲಗಿದವನು. ಇನ್ನೊಂದು ಮೆಟ್ಟಿಲು ಬೇಕು, ಮೀಟರು ಅಲ್ಲಿಂದ ತೆಗೀಬೇಕು ಅಂತ ಬರೆಯಲಿ, ಮೊದಲ ಸಹಿ ನನ್ನದೇ. ನೀವಾಗಿದ್ರೆ ಏನು ಮಾಡ್ತಿದ್ರಿ?